ಗ್ಯಾಸ್ ತುಂಬಿಸುವ ಮುನ್ನ
ಹಳೆ ಕಾರಿನ ಏಸಿ ತಂಪು ಕೊಡದಿದ್ದರೆ ನಾವೇ ನೋಡಬಹುದಾದದ್ದು

ನಮ್ಮದೊಂದು ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರು. ಕೊಳ್ಳುವಾಗಲೇ ಹತ್ತು ವರ್ಷ ಹಳತು. ಅದರ ಏಸಿ ಶೋಕಿಗೆ ಇರುವ ವಸ್ತು ಅಂತಲೇ ನಾವು ತಿಳಿದದ್ದು. ಅಮ್ಮನನ್ನು ಹದಿನೈದು ದಿನಕ್ಕೊಮ್ಮೆ ಮಂಗಳೂರಿನ ಆಸ್ಪತ್ರೆಗೆ ಕರಕೊಂಡು ಹೋಗಬೇಕಾಗಿ ಬಂದ ಮೇಲೆ ಆ ಮಾತು ಬದಲಾಯಿತು. ಎಪ್ರಿಲ್ ತಿಂಗಳ ಮಧ್ಯಾಹ್ನ, ಮುಂದೆ ಸಾಲು ಲಾರಿ. ಕಿಟಕಿ ತೆರೆದರೆ ಧೂಳು ಮತ್ತು ಹೊಗೆ, ಮುಚ್ಚಿದರೆ ಕುಚ್ಚಿದ ಹಾಗೆ. ಉಬ್ಬಸದ ಅಮ್ಮನಿಗೆ ಎರಡೂ ಆಗದು.

ಮೂರು ಬೇಸಿಗೆ ಒಂದೇ ಕತೆ. ಏಸಿ ತಂಪಾಗುತ್ತಿಲ್ಲ ಎಂದು ಪೇಟೆಗೆ ಹೋದರೆ, "ಗ್ಯಾಸ್ ಖಾಲಿ, ತುಂಬಿಸುವ" ಎಂಬ ಉತ್ತರ. ತುಂಬಿಸಿದರೆ ಒಂದಷ್ಟು ತಿಂಗಳು ಸರಿ, ಮುಂದಿನ ಸೆಕೆ ಬರುವಾಗ ಮತ್ತೆ ಬಿಸಿಗಾಳಿ. ಪ್ರತಿ ಸಲ ಒಂದೂವರೆ ಸಾವಿರದ ಮೇಲೆ ಹೋಯಿತು. ಮೂರನೇ ವರ್ಷ ಬೇರೊಬ್ಬರು ಮೆಕ್ಯಾನಿಕ್ ಸಿಕ್ಕಿದರು. ಅವರು ಕೇಳಿದ್ದು ಇಷ್ಟೇ: "ಹೋದ ವರ್ಷ ತುಂಬಿಸಿದ ಗ್ಯಾಸ್ ಎಲ್ಲಿಗೆ ಹೋಯ್ತು ಅಂತ ಯಾರನ್ನಾದ್ರೂ ಕೇಳಿದ್ರಾ ಮಾರಾಯ್ರೆ?"

ಕೇಳಿರಲಿಲ್ಲ. ಅವರು ಹುಡುಕಿ ತೋರಿಸಿದ್ದು ಎರಡು ದೋಷ. ಪೈಪಿನ ಜೋಡಣೆಯಲ್ಲಿ ಒಂದು ರಬ್ಬರ್ ಉಂಗುರ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಮತ್ತೆ, ಮುಂಭಾಗದ ಜಾಲರಿ ತುಂಬಾ ನಮ್ಮ ಜಂಬಿಟ್ಟಿಗೆ ರಸ್ತೆಯ ಕೆಂಪು ಧೂಳು ಹೆಪ್ಪುಗಟ್ಟಿತ್ತು. ಉಂಗುರದ ಬೆಲೆ ಕೆಲವೇ ರೂಪಾಯಿ. ಜಾಲರಿ ತೊಳೆಯಲು ಬೇಕಾದದ್ದು ನೀರು ಮಾತ್ರ. ಆಮೇಲೆ ನಾನು ಅವರಿಂದ ಕೇಳಿ, ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಮಾರುತಿ 800 ತಯಾರಿಕೆ 2014ರಲ್ಲೇ ನಿಂತರೂ ಅದೂ ಅದರ ಓರಗೆಯ ಕಾರುಗಳೂ ನಮ್ಮ ಅಂಗಳಗಳಲ್ಲಿ ಇನ್ನೂ ಇವೆ. ಅಂಥವರಿಗೆ ಉಪಯೋಗವಾದೀತು.

ಗ್ಯಾಸ್ ಪೆಟ್ರೋಲ್ ಅಲ್ಲ

ಮೊದಲು ತಲೆಯಲ್ಲಿ ಇಟ್ಟುಕೊಳ್ಳಬೇಕಾದ ಮಾತು ಇದು: ಏಸಿಯ ಗ್ಯಾಸ್ ಉರಿದು ಖರ್ಚಾಗುವುದಿಲ್ಲ. ಅದೇ ಗ್ಯಾಸ್ ಪೈಪಿನೊಳಗೆ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಎಂದಾದರೆ ಎಲ್ಲೋ ಸೋರಿದೆ. ಹಳೆ ಕಾರಿನ ರಬ್ಬರ್ ಪೈಪುಗಳಿಂದ ಹಲವು ವರ್ಷಗಳಲ್ಲಿ ಸ್ವಲ್ಪ ಸ್ವಲ್ಪ ಜಿನುಗುವುದು ಸಹಜ. ಆದರೆ ವರ್ಷಕ್ಕೊಮ್ಮೆ ತುಂಬಿಸಬೇಕಾಗಿ ಬಂದರೆ ಅದು ಸಹಜವಲ್ಲ. ಹನಿ ನೀರಾವರಿಯ ಪೈಪು ಒಡೆದಿರುವಾಗ ಟ್ಯಾಂಕಿಗೆ ಮತ್ತೆ ಮತ್ತೆ ನೀರು ತುಂಬಿಸಿದ ಹಾಗೆ.

ಎರಡನೇ ಮಾತು: ತಂಪು ಕಡಿಮೆಯಾದದ್ದಕ್ಕೆಲ್ಲ ಗ್ಯಾಸ್ ಕಾರಣವಲ್ಲ. ಗ್ಯಾಸ್ ಸರಿಯಾಗಿದ್ದರೂ ಬಿಸಿಗಾಳಿ ಬರಲು ಹತ್ತಾರು ಕಾರಣ ಇವೆ. ಅವುಗಳಲ್ಲಿ ಅರ್ಧದಷ್ಟನ್ನು ನಮ್ಮ ಅಂಗಳದಲ್ಲೇ ನೋಡಬಹುದು.

ಒಳಗೆ ನಡೆಯುವುದೇನು

ಇಂಜೆಕ್ಷನ್ ಕೊಡುವ ಮುಂಚೆ ಕೈಗೆ ಸ್ಪಿರಿಟ್ ಒರೆಸಿದರೆ ತಣ್ಣಗಾಗುತ್ತದಲ್ಲ? ಸ್ಪಿರಿಟ್ ಆವಿಯಾಗುವಾಗ ಚರ್ಮದ ಬಿಸಿಯನ್ನು ಎಳೆದುಕೊಳ್ಳುತ್ತದೆ. ಏಸಿಯ ಗುಟ್ಟೂ ಅಷ್ಟೇ. ಇದರಲ್ಲಿರುವ ಆರ್-134ಎ ಎಂಬ ಗ್ಯಾಸ್, ಒತ್ತಡ ಇಲ್ಲದಿದ್ದರೆ ಶೂನ್ಯಕ್ಕಿಂತ 26 ಡಿಗ್ರಿ ಕೆಳಗೇ ಕುದಿಯುತ್ತದೆ.

ಇಂಜಿನಿನ ಬೆಲ್ಟ್ ತಿರುಗಿಸುವ ಕಂಪ್ರೆಸರ್ ಈ ಗ್ಯಾಸನ್ನು ಒತ್ತಿ ಬಿಸಿ ಮಾಡುತ್ತದೆ. ಬಿಸಿ ಗ್ಯಾಸ್ ಕಾರಿನ ಎದುರು, ರೇಡಿಯೇಟರಿನ ಮುಂದಿರುವ ಕಂಡೆನ್ಸರ್ ಎಂಬ ಜಾಲರಿಗೆ ಹೋಗುತ್ತದೆ. ಅಲ್ಲಿ ಗಾಳಿ ತಾಗಿ ಬಿಸಿ ಹೊರಗೆ ಹೋಗಿ ಗ್ಯಾಸ್ ದ್ರವವಾಗುತ್ತದೆ. ದ್ರವ ಡ್ರೈಯರ್ ಎಂಬ ಡಬ್ಬಿಯಲ್ಲಿ ಸೋಸಿ, ನೀರಿನ ಪಸೆ ಕಳೆದುಕೊಂಡು, ಎಕ್ಸ್‌ಪಾನ್ಶನ್ ವಾಲ್ವಿನ ಸಣ್ಣ ತೂತಿನ ಮೂಲಕ ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲಿಗೆ ಚಿಮ್ಮುತ್ತದೆ. ಅಲ್ಲಿ ಕುದಿದು ಕಾಯಿಲನ್ನು ತಣ್ಣಗೆ ಮಾಡುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಗ್ಯಾಸ್ ಪುನಃ ಕಂಪ್ರೆಸರಿಗೆ.

ಅಂದರೆ ಏಸಿ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಒಂದು ಪಂಪು. ಹೊರಗೆ ಬಿಸಿ ಬಿಡಲು ದಾರಿ ಇಲ್ಲದಿದ್ದರೆ ಒಳಗೆ ತಂಪಾಗುವುದಿಲ್ಲ. ಇದು ನೆನಪಿದ್ದರೆ ಮುಂದಿನದೆಲ್ಲ ಸುಲಭ.

ಮೊದಲು ಅಳೆಯಿರಿ

"ತಂಪು ಕಮ್ಮಿ" ಎಂಬುದು ಅಂದಾಜಿನ ಮಾತು. ಒಂದು ಥರ್ಮಾಮೀಟರ್ ಬೇಕು. ಜ್ವರ ನೋಡುವಂಥದ್ದು ಆಗದು, ಅದು ಅಷ್ಟು ಕೆಳಗೆ ಇಳಿಯುವುದಿಲ್ಲ. ಫ್ರಿಜ್ಜಿಗೆ ಇಡುವಂಥದ್ದು ಅಥವಾ ಕೋಣೆಯ ಉಷ್ಣತೆ ನೋಡುವಂಥದ್ದು ಸಾಕು.

ಕಾರನ್ನು ನೆರಳಲ್ಲಿ, ಬಯಲಲ್ಲಿ ನಿಲ್ಲಿಸಿ. ಮುಚ್ಚಿದ ಶೆಡ್ಡಿನಲ್ಲಿ ಇಂಜಿನ್ ಓಡಿಸಬಾರದು, ಹೊಗೆ ಪ್ರಾಣಕ್ಕೆ ಅಪಾಯ. ಬಾಗಿಲು, ಗಾಜು ಮುಚ್ಚಿ. ಹೊರಗಾಳಿ ಲಿವರನ್ನು ಒಳಗಾಳಿಗೆ ತಿರುಗಿಸಿ, ತಾಪದ ಲಿವರ್ ಪೂರ್ತಿ ತಣ್ಣಗೆ, ಬ್ಲೋವರ್ ಮಧ್ಯಮ ವೇಗ. ಆಕ್ಸಿಲರೇಟರ್ ತುಸು ಒತ್ತಿ ಹಿಡಿದು ಹತ್ತು ನಿಮಿಷ ಬಿಟ್ಟು, ನಡುವಿನ ಗಾಳಿಕಿಂಡಿಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ. ಹೊರಗೆ 32-35 ಡಿಗ್ರಿ ಇರುವಾಗ ಕಿಂಡಿಯಲ್ಲಿ 8ರಿಂದ 12 ಡಿಗ್ರಿ ಬಂದರೆ ಏಸಿ ಚೆನ್ನಾಗಿದೆ. 15ಕ್ಕಿಂತ ಮೇಲೆ ನಿಂತರೆ ಏನೋ ದೋಷ ಇದೆ. ಈ ಅಂಕಿಯನ್ನು ತಾರೀಕು ಹಾಕಿ ಡೈರಿಯಲ್ಲಿ ಬರೆದಿಡಿ. ರಿಪೇರಿಯ ನಂತರ ಮತ್ತೆ ಅಳೆಯಿರಿ. ಕೊಟ್ಟ ಹಣಕ್ಕೆ ಏನು ಸಿಕ್ಕಿತು ಎಂದು ಆಗ ತಿಳಿಯುತ್ತದೆ.

ಎರಡು ಪೈಪಿನ ಪರೀಕ್ಷೆ

ಏಸಿ ಹಾಕಿದ ಕೂಡಲೇ "ಟಕ್" ಎಂಬ ಸದ್ದು ಬಂದು ಇಂಜಿನಿನ ಓಟ ಸ್ವಲ್ಪ ಬದಲಾಗಬೇಕು. ಕಂಪ್ರೆಸರಿನ ಕ್ಲಚ್ ಹಿಡಿಯಿತು ಎಂದು ಅರ್ಥ. ಸದ್ದೇ ಇಲ್ಲದಿದ್ದರೆ ಮೊದಲು ಫ್ಯೂಸ್, ಆಮೇಲೆ ರಿಲೇ ನೋಡಿ. ಅವು ಸರಿ ಇದ್ದರೆ ಗ್ಯಾಸ್ ತೀರಾ ಕಡಿಮೆಯಾಗಿ ಒತ್ತಡದ ಸ್ವಿಚ್ ಕರೆಂಟ್ ತಡೆದಿರಬಹುದು, ವಯರು ತುಂಡಾಗಿರಬಹುದು. ಇಲಿ ವಯರು ಕಡಿಯುವುದು ನಮ್ಮಲ್ಲಿ ಹೊಸತಲ್ಲ.

ಕ್ಲಚ್ ಹಿಡಿದಿದೆ ಎಂದಾದರೆ, ಹತ್ತು ನಿಮಿಷ ಓಡಿಸಿ, ಇಂಜಿನ್ ನಿಲ್ಲಿಸಿ ಬಾನೆಟ್ ಎತ್ತಿ. ಡ್ಯಾಶ್‌ಬೋರ್ಡಿನ ಕಡೆಗೆ ಹೋಗುವ ಎರಡು ಅಲ್ಯೂಮಿನಿಯಂ ಪೈಪು ಕಾಣುತ್ತದೆ, ಒಂದು ತೆಳು, ಒಂದು ದಪ್ಪ. ದಪ್ಪ ಪೈಪನ್ನು ಕೂಡಲೇ ಮುಟ್ಟಿ ನೋಡಿ.

ದಪ್ಪ ಪೈಪು ಚೆನ್ನಾಗಿ ತಣ್ಣಗಿದ್ದು, ತಂಬಿಗೆಯ ತಣ್ಣೀರಿನ ಹಾಗೆ ಹೊರಗೆ ಬೆವರಿದ್ದರೆ, ಗ್ಯಾಸಿನ ಕಡೆ ಹೆಚ್ಚುಕಡಿಮೆ ಸರಿ ಇದೆ. ದೋಷ ಡ್ಯಾಶ್‌ಬೋರ್ಡಿನ ಒಳಗೆ: ಗಾಳಿಯದ್ದು ಅಥವಾ ಹೀಟರಿನದ್ದು. ಇಲ್ಲಿ ಗ್ಯಾಸ್ ತುಂಬಿಸುವುದು ದಂಡ.

ದಪ್ಪ ಪೈಪು ಬರೇ ಸ್ವಲ್ಪ ತಣ್ಣಗೆ ಅಥವಾ ಬಿಸಿ ಇದ್ದರೆ ದೋಷ ಬಾನೆಟ್ಟಿನ ಕೆಳಗೆ: ಕಂಡೆನ್ಸರ್, ಫ್ಯಾನು, ಗ್ಯಾಸ್ ಅಥವಾ ಕಂಪ್ರೆಸರ್.

ಇಂಜಿನ್ ಓಡುವಾಗ ಕೈ ಹಾಕಬೇಡಿ. ಲುಂಗಿ, ಬೈರಾಸು, ಉದ್ದ ಕೈಯ ಅಂಗಿ ಬೆಲ್ಟಿಗೆ ಸಿಕ್ಕೀತು. ಕಂಪ್ರೆಸರಿನಿಂದ ಕಂಡೆನ್ಸರಿಗೆ ಹೋಗುವ ಪೈಪು ಕೈ ಸುಡುವಷ್ಟು ಬಿಸಿ ಇರುತ್ತದೆ, ಅದನ್ನು ಮುಟ್ಟಬೇಡಿ.

ಲಕ್ಷಣ ನೋಡಿ ದೋಷ ತಿಳಿಯುವುದು

ಓಡುವಾಗ ತಂಪು, ನಿಂತಾಗ ಬಿಸಿ: ಹಳೆ ಕಾರುಗಳಲ್ಲಿ ಇದು ತೀರಾ ಸಾಮಾನ್ಯ. ಓಡುವಾಗ ಎದುರು ಗಾಳಿ ಕಂಡೆನ್ಸರಿಗೆ ತಾಗುತ್ತದೆ, ನಿಂತಾಗ ಫ್ಯಾನೇ ಗತಿ. ಏಸಿ ಹಾಕಿ ಒಂದೆರಡು ನಿಮಿಷದಲ್ಲಿ ಎದುರಿನ ಫ್ಯಾನು ಜೋರಾಗಿ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಕನೆಕ್ಷನ್, ಮೋಟಾರ್ ಹೀಗೆ ಒಂದೊಂದಾಗಿ ನೋಡಿಸಿ. ತಿರುಗಿದರೂ ತಂಪಿಲ್ಲದಿದ್ದರೆ ಜಾಲರಿ ಕಟ್ಟಿದೆಯೋ ನೋಡಿ. ನಮ್ಮ ಕಾರಿನದ್ದು ಇದೇ. ಮಣ್ಣು ರಸ್ತೆ, ಅಡಿಕೆ ಸಿಪ್ಪೆಯ ಧೂಳು, ಭತ್ತದ ಹೊಟ್ಟು, ಚಿಟ್ಟೆ ಹುಳ ಎಲ್ಲ ಅಲ್ಲಿ ಸೇರುತ್ತವೆ.

ತೊಳೆಯುವ ಕ್ರಮ ಹೀಗೆ. ಇಂಜಿನ್ ಪೂರ್ತಿ ತಣ್ಣಗಾಗಲಿ. ತೋಟಕ್ಕೆ ನೀರು ಬಿಡುವ ಪೈಪಿನಿಂದ ಮೆಲ್ಲಗೆ ನೀರು ಬಿಡಿ. ಸಾಧ್ಯವಾದರೆ ಒಳಬದಿಯಿಂದ ಹೊರಕ್ಕೆ, ಕೊಳೆ ಬಂದ ದಾರಿಯಲ್ಲೇ ವಾಪಸು ಹೋಗುವ ಹಾಗೆ. ಮೆದು ಬ್ರಶ್ಶನ್ನು ರೆಕ್ಕೆಗಳ ಉದ್ದಕ್ಕೆ ಮಾತ್ರ ಆಡಿಸಿ, ಅಡ್ಡಕ್ಕೆ ಬೇಡ. ಔಷಧಿ ಬಿಡುವ ಪಂಪಿನಲ್ಲಿ ಒತ್ತಡ ಇದೆಯಲ್ಲ ಎಂದು ಅದರ ಗನ್ನನ್ನು ಹತ್ತಿರ ಹಿಡಿದೀರಿ! ಅಲ್ಯೂಮಿನಿಯಂ ರೆಕ್ಕೆ ಮಡಚಿ ಹೋದರೆ ಗಾಳಿಯ ದಾರಿ ಶಾಶ್ವತವಾಗಿ ಬಂದ್.

ಗಾಳಿ ತಂಪು, ಆದರೆ ರಭಸ ಇಲ್ಲ: ಕೂಲಿಂಗ್ ಕಾಯಿಲಿಗೆ ಧೂಳು ಮೆತ್ತಿದೆ, ಅಥವಾ ಏರ್ ಫಿಲ್ಟರ್ ಇರುವ ಕಾರಾದರೆ ಅದು ಕಟ್ಟಿದೆ. ಹಳೆ ಚಿಕ್ಕ ಕಾರುಗಳಲ್ಲಿ ಎಷ್ಟೋ ಸಲ ಫಿಲ್ಟರೇ ಇರುವುದಿಲ್ಲ. ಆಗ ಧೂಳೆಲ್ಲ ನೇರ ಕಾಯಿಲಿಗೆ. ಬ್ಲೋವರ್ ಕೊನೆಯ ವೇಗದಲ್ಲಿ ಮಾತ್ರ ತಿರುಗುವುದಾದರೆ ಅದರ ರೆಸಿಸ್ಟರ್ ಹೋಗಿದೆ, ಮೋಟಾರ್ ಬದಲಿಸಬೇಕಿಲ್ಲ.

ಮೊದಲು ತಂಪು, ಅರ್ಧ ಗಂಟೆಯಲ್ಲಿ ಗಾಳಿಯೇ ನಿಲ್ಲುತ್ತದೆ, ಏಸಿ ಬಂದ್ ಮಾಡಿ ಸ್ವಲ್ಪ ಬಿಟ್ಟರೆ ಮತ್ತೆ ಸರಿ: ಕಾಯಿಲಿನ ಮೇಲೆ ಮಂಜುಗಡ್ಡೆ ಕಟ್ಟಿದೆ. ತಂಪು ಜಾಸ್ತಿಯಾದಾಗ ಕಂಪ್ರೆಸರನ್ನು ಬಿಡಿಸಬೇಕಾದ ಸೆನ್ಸರ್ ಅಥವಾ ಥರ್ಮೋಸ್ಟಾಟ್ ಕೆಲಸ ಮಾಡುತ್ತಿಲ್ಲ. ಕೊಳಕು ಕಾಯಿಲು, ಕಡಿಮೆ ಗ್ಯಾಸ್ ಕೂಡ ಇದಕ್ಕೆ ಕಾರಣ ಆಗಬಹುದು.

ದಪ್ಪ ಪೈಪು ತಣ್ಣಗೆ, ಕಿಂಡಿಯ ಗಾಳಿ ಬೆಚ್ಚಗೆ: ಹೀಟರಿನ ಬಿಸಿ ಬೆರೆಯುತ್ತಿದೆ. ಲಿವರಿನ ಕೇಬಲ್ ತಪ್ಪಿರಬಹುದು, ಬಿಸಿನೀರಿನ ವಾಲ್ವ್ ಅಥವಾ ಒಳಗಿನ ಬಾಗಿಲು ಅರ್ಧದಲ್ಲಿ ಸಿಕ್ಕಿರಬಹುದು. ಯಾರೋ ಹೊರಗಾಳಿಯ ಲಿವರ್ ತೆರೆದಿಟ್ಟಿದ್ದರೂ ಇದೇ ಗತಿ. ನೆಂಟರ ಮಕ್ಕಳು ಆಡಿಸಿದ್ದನ್ನು ನಾವು ಎರಡು ದಿನ ದೋಷ ಎಂದು ಹುಡುಕಿದ್ದುಂಟು.

ಕಾಲ ಬುಡದಲ್ಲಿ ನೀರು: ಕಾಯಿಲಿನ ಬೆವರು ಹೊರಗೆ ಹೋಗುವ ಸಣ್ಣ ಕೊಳವೆ ಕಟ್ಟಿದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಇಂಥ ಕೊಳವೆ ಬಲು ಇಷ್ಟ. ಮೆದು ವಯರಿನಿಂದ ಮೆಲ್ಲಗೆ ಬಿಡಿಸಬಹುದು. ಕರಾವಳಿಯ ತೇವದ ಹವೆಯಲ್ಲಿ ಏಸಿ ಸರಿ ಇದ್ದರೆ ಕಾರಿನಡಿಗೆ ನೀರು ತೊಟ್ಟಿಕ್ಕಲೇಬೇಕು. ಅದು ದೋಷವಲ್ಲ, ಆರೋಗ್ಯದ ಲಕ್ಷಣ.

ಏಸಿ ಹಾಕಿದಾಗ ಕೀಂಯ್ ಎಂಬ ಸದ್ದು: ಬೆಲ್ಟ್ ಸಡಿಲ ಅಥವಾ ಸವೆದಿದೆ. ಜಾರುವ ಬೆಲ್ಟು ಕಂಪ್ರೆಸರನ್ನು ಸರಿಯಾಗಿ ತಿರುಗಿಸದು.

ಪೈಪಿನ ಜೋಡಣೆಯಲ್ಲಿ ಎಣ್ಣೆ ಪಸೆ, ಅದಕ್ಕೆ ಧೂಳು ಮೆತ್ತಿದ ಕಪ್ಪು ಕಲೆ: ಇದು ಸೋರಿಕೆಯ ಗುರುತು. ಗ್ಯಾಸಿನ ಜತೆಗೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತದೆ. ಗ್ಯಾಸ್ ಹೋದಲ್ಲಿ ಎಣ್ಣೆಯೂ ಹೊರಗೆ ಬರುತ್ತದೆ. ಅಂಥ ಜಾಗಕ್ಕೆ ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೋ ನೋಡಿ. ಗ್ಯಾಸ್ ತುಂಬುವ ಬಾಯಿಗೂ ಹಚ್ಚಿ, ಅದರ ಒಳಗಿನ ಪಿನ್ನು ಸೈಕಲ್ ಟ್ಯೂಬಿನ ವಾಲ್ವಿನ ಹಾಗೆ ಸೋರುವುದುಂಟು. ಅದರ ಮುಚ್ಚಳ ಕಳೆದಿದ್ದರೆ ಹೊಸತು ಹಾಕಿಸಿ.

ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು

ಇಷ್ಟರಲ್ಲಿ ಸರಿಯಾಗದಿದ್ದರೆ ಮೆಕ್ಯಾನಿಕ್ ಬೇಕೇ ಬೇಕು. ಪೈಪು ಬಿಚ್ಚುವ ಕೆಲಸಕ್ಕೆ ನಾವು ಕೈ ಹಾಕಬಾರದು. ಚಿಮ್ಮುವ ದ್ರವ ಕಣ್ಣಿಗೆ ಬಿದ್ದರೆ ದೃಷ್ಟಿಗೇ ಅಪಾಯ, ಚರ್ಮಕ್ಕೆ ತಾಗಿದರೆ ಹಿಮ ಸುಟ್ಟಂತೆ ಆಗುತ್ತದೆ. ಆದರೆ ಕೇಳುವ ಹಕ್ಕು ನಮಗಿದೆ. ಐದು ವಿಷಯ ಕೇಳಿ.

1. ಗೇಜು ಹಾಕಿ ಎರಡೂ ಕಡೆಯ ಒತ್ತಡ ತೋರಿಸಿ. ಆರ್-134ಎ ಇರುವ ಕಾರಿನಲ್ಲಿ ನಮ್ಮ ಬೇಸಿಗೆಯಲ್ಲಿ ಕೆಳ ಒತ್ತಡ ಸುಮಾರು 25-45 ಪಿ.ಎಸ್.ಐ., ಮೇಲೊತ್ತಡ 150-250 ಪಿ.ಎಸ್.ಐ. ಇರುತ್ತದೆ. ಎರಡೂ ಕಡಿಮೆ ಇದ್ದರೆ ಗ್ಯಾಸ್ ಕಡಿಮೆ. ಎರಡೂ ಜಾಸ್ತಿ ಇದ್ದರೆ ಗ್ಯಾಸ್ ಹೆಚ್ಚಾಗಿದೆ, ಒಳಗೆ ಗಾಳಿ ಸೇರಿದೆ ಅಥವಾ ಕಂಡೆನ್ಸರಿಗೆ ಗಾಳಿ ಸಾಲದು. ಕೆಳಗಿನದು ಜಾಸ್ತಿ, ಮೇಲಿನದು ಕಡಿಮೆ ಆದರೆ ಕಂಪ್ರೆಸರ್ ಸೋತಿದೆ. ಕೆಳಗಿನದು ತೀರಾ ಇಳಿದು ಸೊನ್ನೆಯ ಹತ್ತಿರ ಹೋದರೆ ಎಕ್ಸ್‌ಪಾನ್ಶನ್ ವಾಲ್ವ್ ಅಥವಾ ಡ್ರೈಯರ್ ಕಟ್ಟಿರುವ ಸಂಶಯ. ನೋಡಿ, ಈ ನಾಲ್ಕರಲ್ಲಿ ಗ್ಯಾಸ್ ಕಡಿಮೆ ಎಂಬುದು ಒಂದೇ.

2. ಸೋರಿಕೆ ಎಲ್ಲಿ ಎಂದು ತೋರಿಸಿ. ನೈಟ್ರೋಜನ್ ಒತ್ತಡ ಕೊಟ್ಟು ಹುಡುಕುವ ಕ್ರಮ ಇದೆ. ಹೊಳೆಯುವ ಬಣ್ಣ ಬೆರೆಸಿ ವಿಶೇಷ ದೀಪದಲ್ಲಿ ನೋಡುವ ಕ್ರಮವೂ ಇದೆ. ಸೋರಿಕೆ ಸರಿಮಾಡದೆ ತುಂಬಿಸುವುದು ಬೇಡ ಎಂದು ಹೇಳಿ.

3. ಡ್ರೈಯರ್ ಬದಲಿಸುತ್ತೀರಾ? ಪೈಪು ಬಿಚ್ಚಿ ಒಳಗೆ ಗಾಳಿ ಹೋದರೆ ಡ್ರೈಯರ್ ತೇವ ಕುಡಿದು ನಿರುಪಯೋಗಿ ಆಗುತ್ತದೆ. ನಮ್ಮ ಮಳೆಗಾಲದ ಹವೆಯಲ್ಲಂತೂ ಕೇಳುವುದೇ ಬೇಡ.

4. ವ್ಯಾಕ್ಯೂಮ್ ಎಷ್ಟು ಹೊತ್ತು? ಪಂಪು ಹಾಕಿ ಒಳಗಿನ ಗಾಳಿ, ಪಸೆ ಎಳೆಯಲು ಅರ್ಧದಿಂದ ಮುಕ್ಕಾಲು ಗಂಟೆ ಬೇಕು. ಪಂಪು ನಿಲ್ಲಿಸಿದ ಮೇಲೂ ಗೇಜಿನ ಮುಳ್ಳು ಏರದೆ ನಿಲ್ಲಬೇಕು. ಐದು ನಿಮಿಷದಲ್ಲಿ ಮುಗಿಸಿದರೆ ಉಳಿದ ಪಸೆ ವಾಲ್ವಿನಲ್ಲಿ ಮಂಜಾಗಿ ದಾರಿ ಕಟ್ಟುತ್ತದೆ, ಎಣ್ಣೆಯನ್ನೂ ಕೆಡಿಸುತ್ತದೆ.

5. ಗ್ಯಾಸನ್ನು ತೂಗಿ ಹಾಕಿ. ಎಷ್ಟು ಗ್ರಾಂ ಎಂದು ಬಾನೆಟ್ಟಿನ ಅಡಿಯ ಚೀಟಿಯಲ್ಲಿ ಅಥವಾ ಕಾರಿನ ಪುಸ್ತಕದಲ್ಲಿ ಇರುತ್ತದೆ. ಚಿಕ್ಕ ಕಾರಿಗೆ ಸಾಮಾನ್ಯವಾಗಿ ಅರ್ಧ ಕಿಲೋ ಆಸುಪಾಸು. ಜಾಸ್ತಿ ಹಾಕಿದರೆ ಜಾಸ್ತಿ ತಂಪು ಎಂಬುದು ತಪ್ಪು. ಯೂರಿಯಾದ ಹಾಗೆ ಇದೂ ಅಳತೆ ಮೀರಿದರೆ ಕೇಡು. ತಂಪು ಕಡಿಮೆಯಾಗಿ ಕಂಪ್ರೆಸರಿಗೆ ಹೊರೆ ಬೀಳುತ್ತದೆ.

ತೀರಾ ಹಳೆ ಕಾರಿದ್ದರೆ

ಮೊದಲು ಕಾರುಗಳಲ್ಲಿ ಇದ್ದದ್ದು ಆರ್-12 ಗ್ಯಾಸ್. ಅದು ಆಕಾಶದ ಓಝೋನ್ ಪದರವನ್ನು ತಿನ್ನುವುದರಿಂದ 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಲೋಕವಿಡೀ ನಿಂತಿತು. ನಮ್ಮ ದೇಶ 1992ರಲ್ಲಿ ಒಪ್ಪಂದಕ್ಕೆ ಸೇರಿತು. 1990ರ ದಶಕದ ಕಾರು ಇದ್ದರೆ ಯಾವ ಗ್ಯಾಸಿನದ್ದು ಎಂದು ಚೀಟಿ ನೋಡಿ ಖಚಿತ ಮಾಡಿಕೊಳ್ಳಿ. ಎರಡು ಗ್ಯಾಸ್ ಬೆರೆಸುವಂತಿಲ್ಲ. ಎಣ್ಣೆಯೂ ಬೇರೆ ಬೇರೆ. ಆರ್-12ರಿಂದ ಬದಲಿಸಬೇಕಾದರೆ ಹಳೆ ಎಣ್ಣೆ ತೆಗೆದು, ಹೊಸ ಗ್ಯಾಸಿಗೆ ಹೊಂದುವ ಎಣ್ಣೆ, ಡ್ರೈಯರ್, ರಬ್ಬರ್ ಉಂಗುರ ಎಲ್ಲ ಹಾಕಬೇಕು. ಕಾರಿನ ಬೆಲೆ ನೋಡಿ ಆ ಖರ್ಚು ತಾಳುತ್ತದೋ ಎಂದು ಮೊದಲೇ ಲೆಕ್ಕ ಹಾಕಿ.

ಅಗ್ಗಕ್ಕೆ ಆಗುತ್ತದೆಂದು ಅಡುಗೆ ಗ್ಯಾಸಿನಂಥದ್ದನ್ನು ತುಂಬಿಸುವ ಸಲಹೆ ಯಾರಾದರೂ ಕೊಟ್ಟರೆ ಬೇಡವೇ ಬೇಡ. ಕೂಲಿಂಗ್ ಕಾಯಿಲ್ ಇರುವುದು ಕುಳಿತವರ ಮೊಣಕಾಲ ಮುಂದೆ. ಸೋರಿ ಕಿಡಿ ತಾಗಿದರೆ ಗತಿ ಏನು?

ಆರ್-134ಎ ಓಝೋನಿಗೆ ಕೇಡು ಮಾಡದಿದ್ದರೂ ಭೂಮಿಯ ಬಿಸಿ ಏರಿಸುವುದರಲ್ಲಿ ಇಂಗಾಲದ ಡೈ ಆಕ್ಸೈಡಿನ ಸುಮಾರು 1,430 ಪಟ್ಟು. ಅರ್ಧ ಕಿಲೋ ಸೋರಿತೆಂದರೆ 700 ಕಿಲೋ ಮೀರಿ ಇಂಗಾಲ ಬಿಟ್ಟ ಹಾಗೆ. ಮಳೆ ಕೈಕೊಟ್ಟಿತು ಎಂದು ಬೈಯುವ ನಾವೇ ವರ್ಷವರ್ಷವೂ ಇದನ್ನು ಗಾಳಿಗೆ ಬಿಡುವುದು ಸರಿಯಲ್ಲ.

ಸುಧಾರಿಸಿಕೊಂಡು ಹೋಗಲು

ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸಿ. ಕಂಪ್ರೆಸರಿನ ಸೀಲಿಗೆ ಎಣ್ಣೆ ತಾಗುತ್ತಾ ಇರಬೇಕು, ಒಣಗಿದರೆ ಅಲ್ಲಿಂದಲೇ ಸೋರಲು ಸುರು. ಗಾಜಿಗೆ ಕವಿದ ಮಂಜು ಹೋಗಲೂ ಅದು ಒಳ್ಳೆಯದು. ಮಳೆ ಮುಗಿದ ಮೇಲೊಮ್ಮೆ, ಬೇಸಿಗೆಯ ಮೊದಲೊಮ್ಮೆ ಜಾಲರಿ ತೊಳೆಯಿರಿ. ಬಿಸಿಲಲ್ಲಿ ನಿಂತ ಕಾರು ಹತ್ತುವಾಗ ಎಲ್ಲ ಗಾಜು ಇಳಿಸಿ ಎರಡು ನಿಮಿಷ ಓಡಿಸಿ, ಒಳಗಿನ ಬಿಸಿಗಾಳಿ ಹೊರಗೆ ಹೋದ ಮೇಲೆ ಗಾಜು ಏರಿಸಿ ಒಳಗಾಳಿಗೆ ಹಾಕಿ. ಚಿಕ್ಕ ಇಂಜಿನಿಗೆ ಅಷ್ಟು ಹೊರೆ ಕಮ್ಮಿ.

ಉಂಗುರ ಬದಲಿಸಿ, ಜಾಲರಿ ತೊಳೆದ ದಿನ ನಮ್ಮ ಕಾರಿನ ಕಿಂಡಿಯಲ್ಲಿ 11 ಡಿಗ್ರಿ ಇತ್ತು. ಹಿಂದೆ 19ರಿಂದ ಕೆಳಗೆ ಬಂದದ್ದಿಲ್ಲ. ಅದಾಗಿ ನಾಲ್ಕು ಬೇಸಿಗೆ ಕಳೆಯಿತು, ಗ್ಯಾಸ್ ತುಂಬಿಸಿಲ್ಲ. ಆಸ್ಪತ್ರೆಯ ದಾರಿಯಲ್ಲಿ ಅಮ್ಮ ಈಗ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗುತ್ತಾರೆ. ಕಳೆದ ಸಲ ಎದ್ದವರೇ, "ಸ್ವಲ್ಪ ಕಮ್ಮಿ ಮಾಡು ಮಗಾ, ಚಳಿಯಾಗ್ತದೆ" ಅಂದರು.